ಲೈಪ್‌ಜಿಗ್ ನೋಡೋದು ಹ್ಯಾಂಗ?

ಕಲಬುರಗಿಯಿಂದ ಜರ್ಮನಿಗೆ ಓದ್ಲಿಕ್ಕೆ ಹೋಗೋ ಹುಡುಗ್ರು, ಬರ್ಲಿನ್ ಬಿಟ್ರ ಯಾವ ಊರು ನೋಡಬೇಕ್ರಿ ಅಂತ ಕೇಳ್ತಾರ. ಲೈಪ್‌ಜಿಗ್‌ಗೆ ಹೋಗ್ರಿ. ಶುಕ್ರವಾರ ಮಧ್ಯಾಹ್ನ ಮುಟ್ಟೋಹಾಂಗ ರೈಲು ಹಿಡೀರಿ.

ಸಂಜಿ 6ಕ್ಕ ಸೇಂಟ್ ಥಾಮಸ್ ಚರ್ಚಿನ್ಯಾಗ ಹುಡುಗರ ಮೇಳ ಹಾಡ್ತದ. ಸಾಲಿ ಸೂಟಿ ಇದ್ರ ಅವರು ಇರಂಗಿಲ್ಲ, ಮೊದಲೇ ವಿಚಾರಿಸ್ರಿ. ಹೆಸರಾಂತ ಸಂಗೀತಕಾರ ಬಾಖ್ 1723ರಿಂದ 1750ರಾಗ ತೀರೋತನಕ ಇಲ್ಲೇ ಸಂಗೀತ ಗುರು. ಅವರ ಸಮಾಧಿನೂ ಈಗ ಅಲ್ಲೇ ಅದ. ಬಂದೇ ನವಾಜ್ ದರ್ಗಾದಾಗ ಕವ್ವಾಲಿ ಕೇಳಿದಾಂಗ ಕಣ್ಣು ಮುಚ್ಚಿ ಕೇಳ್ರಿ, ಫೋನ್ ತೆಗೀಬ್ಯಾಡ್ರಿ.

ಶನಿವಾರ ಪ್ಲಾಗ್‌ವಿಟ್ಸ್ ಸ್ಟೇಷನ್ನಿಗೆ ಇಳಿದು ಸ್ಪಿನ್ನರೈಗೆ ನಡೀರಿ. 1884ರಾಗ ಸುರುವಾದ ಹತ್ತಿ ಗಿರಣಿ ಅದು. ಈಗ ತುಂಬ ಚಿತ್ರಕಾರರ ಸ್ಟುಡಿಯೋ, ಗ್ಯಾಲರಿ. ನಮ್ಮಪ್ಪ ನಮ್ಮೂರ ಎಂಎಸ್‌ಕೆ ಮಿಲ್ಲಿನ್ಯಾಗ ದುಡಿದವರು. ಸ್ಪಿನ್ನರೈದ ಇಟ್ಟಂಗಿ ಗ್ವಾಡಿ ಮುಟ್ಟಿದಾಗ, ಅಪ್ಪನ ಅಂಗಿಗೆ ಹತ್ತಿರ್ತಿದ್ದ ಅರಳಿ ನೆನಪಾಗಿ ಗಂಟಲು ಕಟ್ಟಿತು. ಅರ್ಧ ದಿನ ಇಡ್ರಿ ಅದಕ್ಕ.

ವಾಪಸ್ ಬರೋವಾಗ ನಿಕೋಲಾಯ್ ಚರ್ಚ್. 1989ರ ಅಕ್ಟೋಬರ್ 9ಕ್ಕ ಅಲ್ಲಿ ಪ್ರಾರ್ಥನಿ ಮುಗಿದ ಮ್ಯಾಲ ಆಗಿನ ಪೂರ್ವ ಜರ್ಮನಿ ಸರ್ಕಾರದ ವಿರುದ್ಧ ಸುಮಾರು 70,000 ಮಂದಿ ಬೀದಿಗಿಳಿದ್ರು. ಒಂದು ತಿಂಗಳಿಗೆ ಬರ್ಲಿನ್ ಗೋಡಿ ತೆರೀತು.

ಭಾನುವಾರ ಅಂಗಡಿ ಮುಚ್ಚಿರ್ತಾವ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡೇ ಹೋಗ್ರಿ.