ಪಟ್ಟಾಯದಲ್ಲಿ ಎಲ್ಲಿ ರೇಟು ಕೇಳಬೇಕು, ಎಲ್ಲಿ ಕೇಳಬಾರದು

ಥಾಯ್ಲೆಂಡಿನ ಕಡಲತೀರದ ಊರು ಪಟ್ಟಾಯಕ್ಕೆ ನಾನು, ಅಣ್ಣ, ಅತ್ತಿಗೆ ಪ್ಯಾಕೇಜ್ ಇಲ್ಲದೆ ಹೋದೆವು. ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದಿಂದಲೇ ಬಸ್ ಇದೆ, ಎರಡು ಗಂಟೆ ದಾರಿ.

ಊರೊಳಗೆ ಓಡಾಡಲು ಸೊಂಗ್‌ಥ್ಯಾವ್ ಸಾಕು. ಹಿಂದೆ ಎರಡು ಉದ್ದ ಬೆಂಚು ಇರುವ ನೀಲಿ ಪಿಕಪ್ ಗಾಡಿ ಅದು. ಬೀಚ್ ರೋಡಿನಲ್ಲಿ ದಕ್ಷಿಣಕ್ಕೆ, ಸೆಕೆಂಡ್ ರೋಡಿನಲ್ಲಿ ಉತ್ತರಕ್ಕೆ, ಸುತ್ತುತ್ತಲೇ ಇರುತ್ತದೆ. ಇಲ್ಲಿ ಮಾತ್ರ ರೇಟು ಕೇಳಬೇಡಿ. ಕೇಳಿದರೆ ಇಡೀ ಗಾಡಿ ಬಾಡಿಗೆಗೆ ಬೇಕು ಅಂದುಕೊಂಡು ನೂರಾರು ಬಾತ್ (ಅಲ್ಲಿನ ದುಡ್ಡು) ಹೇಳುತ್ತಾರೆ. ಜನ ಕೂತಿರುವ ಗಾಡಿಗೆ ಸುಮ್ನೆ ಹತ್ತಿ, ಇಳಿಯುವ ಜಾಗ ಬಂದಾಗ ಗುಂಡಿ ಒತ್ತಿ, ಇಳಿದು ಡ್ರೈವರ್ ಕೈಗೆ ದುಡ್ಡು ಕೊಡಿ. ನಾವು ಕೊಟ್ಟಿದ್ದು ತಲಾ 10 ಬಾತ್. ಚಿಲ್ಲರೆ ಇಟ್ಟುಕೊಂಡಿರಿ. ನಮ್ಮ ಕಾರ್ಡಿಗೆ ಅಲ್ಲಿನ ಎಟಿಎಂ ಪ್ರತಿ ಸಲ 200 ಬಾತ್‌ಗಿಂತ ಜಾಸ್ತಿ ಶುಲ್ಕ ಹಿಡಿಯುತ್ತದೆ. ಅದಕ್ಕೇ ಒಂದೇ ಸಲಕ್ಕೆ ದೊಡ್ಡ ಮೊತ್ತ ತೆಗೆದೆವು.

ಊಟದ ವಿಷಯದಲ್ಲಿ ನನಗೇ ಕಷ್ಟ ಜಾಸ್ತಿ, ಯಾಕಂದ್ರೆ ನಾನು ಸಸ್ಯಾಹಾರಿ. ಬರೀ ತರಕಾರಿ ಅಂತ ಕಾಣುವ ಪಪಾಯ ಸಲಾಡಿಗೂ ಮೀನಿನ ಸಾಸ್, ಒಣ ಸೀಗಡಿ ಬೀಳುತ್ತದೆ. ಹಾಗಾಗಿ ಹಳದಿ ಬಾವುಟದ ಮೇಲೆ ಕೆಂಪು ಥಾಯ್ ಅಕ್ಷರ ಇರುವ 'ಜೇ' ಅಂಗಡಿ ಹುಡುಕುತ್ತಿದ್ದೆ. ಅಲ್ಲಿ ಮೀನು ಮಾಂಸ ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಹಾಕುವುದಿಲ್ಲ, ನಮ್ಮ ವ್ರತದ ಅಡುಗೆಯ ಹಾಗೆ. ಹಾಲು ಮೊಸರೂ ಇಲ್ಲ ಅನ್ನುವುದೊಂದೇ ಬೇಸರ. ಟರ್ಮಿನಲ್ 21 ಮಾಲಿನ ಪಿಯರ್ 21 ಫುಡ್ ಕೋರ್ಟ್ ಮೂವರಿಗೂ ಹಿಡಿಸಿತು. ಮೊದಲು ಫುಡ್ ಕೋರ್ಟಿನವರದೇ ಕಾರ್ಡಿಗೆ ದುಡ್ಡು ತುಂಬಿಸಬೇಕು, ಉಳಿದದ್ದನ್ನು ವಾಪಸ್ ಕೊಡುತ್ತಾರೆ. ಮಾಲಿನೊಳಗಾದರೂ ಬೆಲೆ ರಸ್ತೆಬದಿಯದ್ದೇ.

ಅಣ್ಣನಿಗೆ ಹಿಡಿಸಿದ್ದು ಊರಿನ ಉತ್ತರಕ್ಕಿರುವ ನಾಕ್ಲುವಾದ ಲಾನ್ ಪೋ ಮೀನು ಮಾರುಕಟ್ಟೆ. ಅಲ್ಲಿ ಸೀಗಡಿ, ಏಡಿ ಕಿಲೋ ಲೆಕ್ಕದಲ್ಲಿ ಕೊಂಡು, ಪಕ್ಕದ ಅಂಗಡಿಯಲ್ಲಿ ಸುಡಿಸಿಕೊಳ್ಳಬಹುದು. ಸುಡುವುದಕ್ಕೆ ಬೇರೆ ಕೂಲಿ. ಅದನ್ನು ಮೊದಲೇ ಕೇಳಿಕೊಳ್ಳಬೇಕು.

ಬಟ್ಟೆಗೆ ವಾರಾಂತ್ಯದ ಥೆಪ್ರಸಿಟ್ ರಾತ್ರಿ ಸಂತೆಗೆ ಹೋದೆವು. ಚೌಕಾಸಿಯೆಲ್ಲ ಕ್ಯಾಲ್ಕುಲೇಟರ್ ಮೇಲೆ. ಅವರು ಒಂದು ಸಂಖ್ಯೆ ಒತ್ತಿದರೆ ಅತ್ತಿಗೆ ಇನ್ನೊಂದು ಒತ್ತುತ್ತಿದ್ದರು, ನಗುನಗುತ್ತಲೇ. ಮುಖ ಗಂಟಿಕ್ಕಿ ಕೇಳಿದರೆ ಬೆಲೆ ಇಳಿಯುವುದಿಲ್ಲ.

ಬಾರು, ಕ್ಲಬ್ಬುಗಳ ಬೀದಿಯಾದ ವಾಕಿಂಗ್ ಸ್ಟ್ರೀಟಿಗೆ ಸಂಜೆ ಮೇಲೆ ವಾಹನ ಬಿಡುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಅಡ್ಡಾಡುವವರೂ ಇದ್ದರು. ಕೈಯಲ್ಲಿ ಪಟ್ಟಿಯ ಕಾರ್ಡು ಹಿಡಿದು ವಯಸ್ಕರ 'ಶೋ'ಗೆ ಬನ್ನಿ ಅಂತ ಕರೆಯುವವರ ಹಿಂದೆ ನಾವು ಹೋಗಲಿಲ್ಲ. ಬಾಗಿಲಲ್ಲಿ ಹೇಳುವ ಬೆಲೆಯೇ ಒಳಗಿನ ಬಿಲ್ಲೂ ಆಗಿರುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಅದಕ್ಕಿಂತ ತೆರೆದ ಬಿಯರ್ ಬಾರ್‌ಗಳು ವಾಸಿ. ಪ್ರತಿ ಸಲ ಏನಾದರೂ ತರಿಸಿದಾಗ ಬಿಲ್ಲಿನ ಚೀಟಿಯನ್ನು ನಿಮ್ಮ ಮುಂದಿನ ಪುಟ್ಟ ಲೋಟಕ್ಕೆ ಸಿಕ್ಕಿಸುತ್ತಾರೆ. ಆಗಾಗ ತೆಗೆದು ನೋಡುತ್ತಿರಿ. ಜೊತೆಗೆ ಬಂದು ಕೂತ ಬಾರಿನ ಹುಡುಗಿಗೆ ಕೊಡಿಸುವ 'ಲೇಡಿ ಡ್ರಿಂಕ್' ಬೆಲೆ ಬೇರೆ, ಅದರಲ್ಲಿ ಅವಳ ಕಮಿಷನ್ ಇರುತ್ತದೆ. ಇನ್ನು ಅಲ್ಲಿ ತೂಗುಬಿಟ್ಟ ಗಂಟೆಯನ್ನು ಮಾತ್ರ ಮುಟ್ಟಬೇಡಿ. ಬಾರಿಸಿದವರು ಬಾರಿನಲ್ಲಿರುವ ಎಲ್ಲರಿಗೂ ಒಂದೊಂದು ಸುತ್ತು ಕೊಡಿಸಬೇಕು. ಅಣ್ಣನ ಕೈ ಒಮ್ಮೆ ಅತ್ತ ಹೋಗಿತ್ತು, ಅತ್ತಿಗೆ ಹಿಡಿದುಕೊಂಡರು!

ಮಾಲಿನಲ್ಲಿ ಒಂದೇ ಅಂಗಡಿಯಲ್ಲಿ ಒಂದೇ ದಿನ 2000 ಬಾತ್ ದಾಟಿ ಕೊಂಡರೆ ವ್ಯಾಟ್ ರೀಫಂಡ್ (ಕೊಟ್ಟ ತೆರಿಗೆ ವಾಪಸ್ ಪಡೆಯುವ) ಫಾರಂ ಕೇಳಿ, ಪಾಸ್‌ಪೋರ್ಟ್ ಜೊತೆಗಿರಲಿ. ಅಂಥ ಖರೀದಿ ಒಟ್ಟು 20,000 ಬಾತ್ ಅಥವಾ ಅದಕ್ಕಿಂತ ಜಾಸ್ತಿ ಆಗಿದ್ದರೆ, ವಿಮಾನ ನಿಲ್ದಾಣದಲ್ಲಿ ಲಗೇಜ್ ಒಪ್ಪಿಸುವ ಮೊದಲೇ ಕಸ್ಟಮ್ಸ್ ಮುದ್ರೆ ಹಾಕಿಸಿಕೊಳ್ಳಿ. ಸಾಮಾನು ತೋರಿಸಿ ಅಂತ ಅವರು ಕೇಳಬಹುದು.