ಕೆತ್ತನೆ ಉಳಿಯ ಮೊನೆಗೆ ಎಷ್ಟು ಡಿಗ್ರಿ?

ಲೋಹದ ಕೆತ್ತನೆ ಕಲಿಯುವವರಿಗೆ 120 ಡಿಗ್ರಿಯ ವಿ (V) ಆಕಾರದ ಉಳಿಯೇ ಸರಿ: ಗೆರೆ ಅಗಲವಾಗಿ ಹೊಳೆಯುತ್ತದೆ, ಮೊನೆಯೂ ಗಟ್ಟಿ. 90 ಡಿಗ್ರಿಯದು ಕಿರಿದಾಗಿ ಆಳಕ್ಕಿಳಿಯುತ್ತದೆ, ಆದರೆ ಬೇಗ ಮುರಿಯುತ್ತದೆ.

ಮುಖದ, ಅಂದರೆ ಉಳಿಯ ತುದಿಯಲ್ಲಿ ಓರೆಯಾಗಿ ಸಾಣೆ ಹಿಡಿದ ಮೈಯ, ಇಳಿಜಾರು ಬೆಳ್ಳಿ, ತಾಮ್ರ, ಹಿತ್ತಾಳೆಗೆ 45 ಡಿಗ್ರಿ, ಸ್ಟೀಲಿಗೆ 50–55. ಮೊನೆ ಪದೇ ಪದೇ ಮುರಿದರೆ ಕೈಯನ್ನು ಬೈಯುವ ಮೊದಲು ಈ ಕೋನವನ್ನು 5 ಡಿಗ್ರಿ ಏರಿಸಿ ನೋಡಿ.

ಕೆಲಸ ಕೆಡುವುದು ಹೆಚ್ಚಾಗಿ ಹಿಮ್ಮಡಿಯಲ್ಲಿ. ಅಡಿಯ ಎರಡೂ ಬದಿಗೆ 15–20 ಡಿಗ್ರಿಯಲ್ಲಿ ಸಣ್ಣ ಪಟ್ಟಿ ತೆಗೆಯಬೇಕು (ಇದೇ ಹಿಮ್ಮಡಿ), ಉದ್ದ ಅರ್ಧ ಮಿಲಿಮೀಟರ್ ಮೀರದಂತೆ. ಉದ್ದವಾದರೆ ತಿರುವಿನಲ್ಲಿ ಗೆರೆಯ ಹೊರ ಅಂಚನ್ನು ಉಜ್ಜಿ ಗೀರುತ್ತದೆ. ಹಿಮ್ಮಡಿಯೇ ಇಲ್ಲದಿದ್ದರೆ ಉಳಿ ಲೋಹದೊಳಗೆ ಮುಳುಗುತ್ತಲೇ ಹೋಗುತ್ತದೆ. ಒಂದು ಬದಿ ಹೆಚ್ಚು ಸವೆದರೆ ಗೆರೆ ವಾಲುತ್ತದೆ. ಹಾಗಾಗಿ ಸಾಣೆಯ ಮೇಲಿನ ಎಳೆತಗಳನ್ನು ಎಣಿಸಿ, ಎರಡೂ ಕಡೆ ಮೂರು ಮೂರು.

ಮುಖವನ್ನು 600 ಗ್ರಿಟ್ ವಜ್ರದ ಸಾಣೆಯಲ್ಲಿ ತೆಗೆದು 1200ರಲ್ಲಿ ನಯ ಮಾಡಿ. ಹಿಮ್ಮಡಿಗೆ ನೇರ 1200, ಬಳಿಕ ವಜ್ರದ ಪೇಸ್ಟಿನ ಹೊಳಪು. ಹಿಮ್ಮಡಿಯ ಹೊಳಪೇ ಗೆರೆಗೆ ಬರುವುದು. ಕಾರ್ಬನ್ ಸ್ಟೀಲ್ ಉಳಿ ಒಣ ಸಾಣೆಯಲ್ಲಿ ನೀಲಿಗಟ್ಟಿದರೆ ಹದ ಹೋಯಿತು, ಆ ಭಾಗವನ್ನು ಸವೆಸಿಬಿಡಿ.

ಹೆಬ್ಬೆರಳ ಉಗುರಿನ ಮೇಲೆ ಮೊನೆಯನ್ನು ಒತ್ತದೆ ಇಡಿ: ಕಚ್ಚಿ ನಿಂತರೆ ಹರಿತ, ಜಾರಿದರೆ ಮತ್ತೆ ಸಾಣೆಗೆ.