‘ನೆಟ್ ಹೋಗಿದೆ’ ಅಂದರೆ ಹೋದದ್ದು ಯಾವುದು?

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಬ್ರಹ್ಮಾವರದಿಂದ ಚಿಕ್ಕಮ್ಮನ ಫೋನ್. “ವೈಫೈ ಹೋಯ್ತು ಮಾರಾಯ. ಮೊಬೈಲನ್ನು ಮೂರು ಸಲ ಆಫ್ ಮಾಡಿ ಆನ್ ಮಾಡಿ ಆಯ್ತು.”

“ಮೊಬೈಲಿನಲ್ಲಿ ವೈಫೈ ಗುರುತು ಉಂಟಾ ನೋಡಿ.”

“ಅದು ಫುಲ್ ಉಂಟು.”

“ಗೋಡೆಯ ಡಬ್ಬದಲ್ಲಿ ಕೆಂಪು ಲೈಟ್?”

“ಹೌದು, ಮಿಣಮಿಣ ಅಂತ ಉಂಟು.”

ಹಾಗಾದರೆ ವೈಫೈ ಸರಿಯಾಗಿಯೇ ಇತ್ತು. ರಾತ್ರಿಯ ಗಾಳಿಗೆ ತೆಂಗಿನ ಮಡಲು ಬಿದ್ದು ಗೇಟಿನ ಹತ್ತಿರ ಫೈಬರ್ ತುಂಡಾಗಿತ್ತು. ಡಬ್ಬಕ್ಕೂ ಮೊಬೈಲಿಗೂ ನಡುವಿನ ತಂತಿಯಿಲ್ಲದ ಸಂಪರ್ಕ ಮಾತ್ರ ವೈಫೈ. ಇಂಟರ್ನೆಟ್ ಬರುವುದು ಹೊರಗಿನ ಲೈನಿನಿಂದ. ಈ ಎರಡನ್ನು ಬೇರೆ ಮಾಡಿ ನೋಡಲು ಕಲಿತರೆ ಅರ್ಧ ತೊಂದರೆ ಎಲ್ಲಿದೆಯೆಂದು ನೀವೇ ಹೇಳಬಹುದು.

ಮೊದಲು ತಂತಿ ಹಿಡಿದು ಹೋಗಿ

ಕಂಬದಿಂದ ಮನೆಗೆ ಬರುವ ತೆಳು ಕೇಬಲ್ಲೇ ಫೈಬರ್. ಒಳಗಿರುವುದು ಕೂದಲಿನಷ್ಟು ಸಪೂರದ ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು, ಕರೆಂಟ್ ಅಲ್ಲ. ಹಾಗಾಗಿ ಅದನ್ನು ಮೊಳೆಗೆ ಸುತ್ತಿ ಮಡಚಬೇಡಿ. ತುಂಡಾದ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೂ ಬೇಡಿ, ಆ ಬೆಳಕು ಕಾಣದಿದ್ದರೂ ಕಣ್ಣಿಗೆ ಹಾನಿ ಮಾಡಬಹುದು.

ಕೇಬಲ್ ಹೋಗಿ ಸೇರುವ ಡಬ್ಬ ಒಎನ್‌ಟಿ. ಬೆಳಕಿನಲ್ಲಿ ಬಂದದ್ದನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಮಾಡುವುದು ಅದರ ಕೆಲಸ. ಟೆಲಿಫೋನ್ ಲೈನಿನ ಕಾಲದ ರೂಢಿಯಿಂದ ಹಲವರು ಇದನ್ನೂ ಮೋಡೆಮ್ ಎನ್ನುತ್ತಾರೆ, ಅಡ್ಡಿಯಿಲ್ಲ. ಅದರಲ್ಲಿ ‘ಪಾನ್’ (PON) ಲೈಟ್ ಹಸಿರಾಗಿ ನಿಂತಿದ್ದರೆ ಹೊರಗಿನ ಲೈನ್ ಸರಿ. ‘ಲಾಸ್’ (LOS) ಕೆಂಪಾಗಿದ್ದರೆ ಬೆಳಕು ಮನೆಗೆ ತಲುಪುತ್ತಿಲ್ಲ. ಆಗ ಡಬ್ಬವನ್ನು ಹತ್ತು ಸಲ ಆಫ್-ಆನ್ ಮಾಡಿ ಪ್ರಯೋಜನವಿಲ್ಲ. ಲೈನಿನವರಿಗೆ ಫೋನ್ ಮಾಡಿ “ಲಾಸ್ ಕೆಂಪು ಬರ್ತಾ ಉಂಟು” ಅನ್ನಿ, ಸಾಕು.

ಡಬ್ಬದ ಹಿಂಬದಿಯಲ್ಲಿ ಒಂದು ಸಣ್ಣ ತೂತಿರುತ್ತದೆ, ರಿಸೆಟ್. ನಾನು ಒಮ್ಮೆ ಸೂಜಿ ಹಾಕಿ ಒತ್ತಿದವನೇ. ಲೈನಿನ ಸೆಟ್ಟಿಂಗ್ ಪೂರ್ತಿ ಅಳಿಸಿಹೋಗಿ, ಎರಡು ದಿನ ಟೆಕ್ನಿಶಿಯನ್ನನ ದಾರಿ ಕಾದೆ.

ಚಾವಡಿಯ ಯಜಮಾನ

ಬಂದ ಒಂದೇ ಸಂಪರ್ಕವನ್ನು ಮನೆಯ ಎಲ್ಲ ಸಾಧನಗಳಿಗೆ ಹಂಚುವುದು ರೌಟರ್. ಈಗ ಹೆಚ್ಚಾಗಿ ಒಎನ್‌ಟಿಯೊಳಗೇ ಇರುತ್ತದೆ. ಹಿಂದಿನ ಕೂಡುಕುಟುಂಬ ನೆನಪಿಸಿಕೊಳ್ಳಿ: ಕಾಗದ ಬರುವುದು ಮನೆಯ ಹೆಸರಿಗೆ, ಯಾರಿಗೆ ಯಾವುದು ಅಂತ ಹಂಚುವವರು ಚಾವಡಿಯಲ್ಲಿ ಕೂತ ಅಜ್ಜ. ಹೊರಗಿನ ಲೋಕಕ್ಕೆ ನಿಮ್ಮ ಮನೆಗೆ ಸಾಮಾನ್ಯವಾಗಿ ಒಂದೇ ಐಪಿ ವಿಳಾಸ, ಅಂದರೆ ನೆಟ್ಟಿನಲ್ಲಿ ಗುರುತಿಸುವ ನಂಬರ್. ಒಳಗೆ ರೌಟರ್ ಪ್ರತಿಯೊಂದಕ್ಕೂ ಬೇರೆ ನಂಬರ್ ಕೊಡುತ್ತದೆ: ಟಿವಿಗೆ 192.168.1.4, ಲ್ಯಾಪ್‌ಟಾಪ್‌ಗೆ 192.168.1.5, ಹೀಗೆ. ಪಕ್ಕದ ಮನೆಯಲ್ಲೂ ಇದೇ ನಂಬರ್ ಇರಬಹುದು. ಅಡುಗೆಕೋಣೆ ಎಲ್ಲರ ಮನೆಯಲ್ಲೂ ಇಲ್ಲವೇ? ಹಾಗೆ.

ಈ ನಂಬರ್ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. ಕಂಪ್ಯೂಟರಿನ ಐಪಿ 169.254 ಎಂದು ಶುರುವಾದರೆ ಅದಕ್ಕೆ ರೌಟರಿನಿಂದ ನಂಬರ್ ಸಿಕ್ಕಿಲ್ಲ. ರೌಟರನ್ನು ಒಮ್ಮೆ ಆರಿಸಿ ಹಾಕಿ ನೋಡಿ. ಇನ್ನು ಡಿಎನ್‌ಎಸ್ ಎಂದರೆ ವೆಬ್‌ಸೈಟಿನ ಹೆಸರನ್ನು ನಂಬರಾಗಿಸುವ ಡೈರೆಕ್ಟರಿ.

ಮುರಕಲ್ಲಿನ ಗೋಡೆ

ನಮ್ಮ ಕಡೆಯ ನಿಜವಾದ ತೊಂದರೆ ಇದು. ವೈಫೈ ಹೆಚ್ಚಾಗಿ ಎರಡು ಅಲೆಗಳಲ್ಲಿ ಬರುತ್ತದೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ದೂರ ಹೋಗುತ್ತದೆ. 5 ಗಿಗಾಹರ್ಟ್ಸ್ ವೇಗ, ಆದರೆ ಗೋಡೆ ಕಂಡರೆ ಸೋಲುತ್ತದೆ. ಹಳೆಯ ಮನೆಗಳ ದಪ್ಪ ಮುರಕಲ್ಲಿನ ಗೋಡೆ ಎರಡು ದಾಟುವಷ್ಟರಲ್ಲಿ ಅದರ ಉಸಿರು ನಿಂತಿರುತ್ತದೆ. ಆದ್ದರಿಂದ ರೌಟರ್ ಮನೆಯ ನಡುವೆ, ಎತ್ತರದಲ್ಲಿರಲಿ. ಕಬ್ಬಿಣದ ಕಪಾಟಿನ ಹಿಂದೆ ಬೇಡ.

ಹಿಂಬದಿ ಕೋಣೆಗೆ ಬಾರದಿದ್ದರೆ ಅಂಗಡಿಯವರು ರಿಪೀಟರ್ ಕೊಡುತ್ತಾರೆ, ಬಂದ ವೈಫೈಯನ್ನು ಹಿಡಿದು ಮತ್ತೆ ಹರಡುವ ಸಾಧನ. ನನ್ನ ಕೇಳಿದರೆ, ಅದು ಬೇಡ. ಸಿಗ್ನಲ್ ಸೊರಗಿದ ಜಾಗದಲ್ಲಿ ಇಟ್ಟರೆ ಸೊರಗಿದ್ದನ್ನೇ ಮುಂದೆ ದಾಟಿಸುತ್ತದೆ. ಅದರ ಬದಲು ರೌಟರಿನಿಂದ ಅಟ್ಟದ ಮೇಲಾಗಿ ‘ಕ್ಯಾಟ್ 6’ ಎಂಬ ಬಗೆಯ ಒಂದು ಲ್ಯಾನ್ ಕೇಬಲ್ ಎಳೆದು, ಆ ತುದಿಯಲ್ಲಿ ಇನ್ನೊಂದು ರೌಟರನ್ನು ‘ಆಕ್ಸೆಸ್ ಪಾಯಿಂಟ್’ ಆಗಿ, ಅಂದರೆ ವೈಫೈ ಮಾತ್ರ ಹರಡುವಂತೆ, ಇಡಿ. 100 ಮೀಟರ್‌ವರೆಗೆ ಆ ಕೇಬಲ್‌ಗೆ ದೂರದ ಚಿಂತೆಯಿಲ್ಲ.

ಸ್ಪೀಡ್ ಲೆಕ್ಕ

100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಫೈಲ್ ಅಳೆಯುವುದು ಬೈಟಿನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ ಡೌನ್‌ಲೋಡ್ ಸೆಕೆಂಡಿಗೆ 12.5 ಮೆಗಾಬೈಟಿಗಿಂತ (ಎಂಬಿ) ಮೇಲೆ ಹೋಗದಿದ್ದರೆ ಯಾರೂ ಮೋಸ ಮಾಡಿಲ್ಲ. ಸ್ಪೀಡ್ ಪರೀಕ್ಷೆಯನ್ನು ರೌಟರಿಗೆ ಲ್ಯಾನ್ ಕೇಬಲ್ ಚುಚ್ಚಿಯೇ ಮಾಡಿ. ಅಲ್ಲಿ ಸರಿ ಬಂದು ಕೋಣೆಯಲ್ಲಿ ಕಡಿಮೆ ಬಂದರೆ ದೂರು ಗೋಡೆಯ ಮೇಲೆ.

ಕಡೆಗೆ ಸಿಡಿಲು. ಫೈಬರಿನ ಗಾಜು ಕರೆಂಟ್ ಒಯ್ಯುವುದಿಲ್ಲ ನಿಜ, ಆದರೆ ಡಬ್ಬದ ಅಡಾಪ್ಟರ್ ಪ್ಲಗ್ಗಿನಲ್ಲೇ ಇರುತ್ತದಲ್ಲ, ಲ್ಯಾನ್ ಕೇಬಲಿನ ಒಳಗಿರುವುದೂ ತಾಮ್ರವೇ. ಮೇ ತಿಂಗಳ ಸಂಜೆ ಮೋಡ ಕಟ್ಟಿದೊಡನೆ, ಗುಡುಗು ಶುರುವಾಗುವ ಮೊದಲೇ, ಎರಡನ್ನೂ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು.